ಬೆಳೆಹಬ್ಬಕ್ಕೆ ಒಯ್ದ ಸ್ವೆಟರು

ಎಳೆಗೂಸಿನ ಸ್ವೆಟರಿಗೆ ಎಷ್ಟು ಕಡಿಮೆ ಉಣ್ಣೆ ಸಾಕೆಂಬುದು ಹೆಣೆದವರಿಗೇ ಗೊತ್ತು, ಸ್ನೇಹಿತರೇ. ಎರಡು ಉಂಡೆ ತಂದರೆ ಒಂದು ಮಿಕ್ಕೇ ಮಿಗುತ್ತದೆ. ನಮ್ಮ ಯಜಮಾನರು ಕಡೂರಿನಿಂದ ತಂದದ್ದು ಅರಿಶಿನದ ಬಣ್ಣದ್ದು, ಅಂಗಡಿಯಲ್ಲಿ ಉಳಿದಿದ್ದ ಬಣ್ಣ ಅದೊಂದೇ ಅಂತೆ. ಎಪ್ಪತ್ತರ ದಶಕದ ನಡುವಿನ ಮಾತು. ಅವರು ಅಜ್ಜಂಪುರದ ಶಾಲೆಯಲ್ಲಿ ಮೇಷ್ಟರು. ನಾನು ಸುತ್ತಲಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವ ಸರ್ಕಾರಿ ನರ್ಸು.

ಆ ಒಂದೇ ಸ್ವೆಟರನ್ನು ಆರು ವರ್ಷಗಳಲ್ಲಿ ಮೂರು ಸಲ ಪೆಟ್ಟಿಗೆಯಿಂದ ತೆಗೆದೆ, ಮೂರು ಸಲ ಒಳಗಿಟ್ಟೆ. ಮೊದಲ ಕೂಸು ಉಸಿರಿಲ್ಲದೆ ಹುಟ್ಟಿತು. ಎರಡನೆಯದು ಹೆಣ್ಣು, ಒಂಬತ್ತು ದಿನ ಇದ್ದಳು. ಅವಳು ಹೋದ ಹೊತ್ತಿಗೆ ಸ್ವೆಟರು ಒಗೆದು ಹಿತ್ತಲ ತಂತಿಯ ಮೇಲೆ ಹರವಿದ್ದರಿಂದ ಅದು ಅವಳೊಡನೆ ಮಣ್ಣಿಗೆ ಹೋಗದೆ ಉಳಿಯಿತು. ಮೂರನೆಯದು ಗಂಡು, ಒಂದು ಮಧ್ಯಾಹ್ನದ ಮಗು. ತೊಡಿಸುವಷ್ಟು ಪುರಸೊತ್ತನ್ನೂ ಕೊಡಲಿಲ್ಲ.

ಇದರ ವಿಪರ್ಯಾಸ ನೋಡಿ. ಸುತ್ತಲಿನ ಊರುಗಳಲ್ಲಿ ನನ್ನ ಕೈಗುಣದ್ದೇ ಹೊಗಳಿಕೆ. ನರ್ಸಮ್ಮ ಮುಟ್ಟಿದರೆ ತಾಯಿ, ಮಗು ಎರಡು ಜೀವವೂ ಸುಖವಾಗಿ ಬೇರೆಯಾಗುತ್ತವೆ ಎಂದು ಹೆಂಗಸರು ನಂಬಿದ್ದರು. ಆ ಕೈಯನ್ನು ನಾನು ಮನೆಗೆ ಬಂದು ಸೋಪು ಹಾಕಿ ತೊಳೆಯುವಾಗ, ಇದರ ಗುಣವೆಲ್ಲ ಹೊಸಿಲಿನ ಆಚೆಗೇ ಏಕೆ ಮುಗಿದುಹೋಗುತ್ತದೆ ಎಂದು ದಿಟ್ಟಿಸುತ್ತ ಕೂರುತ್ತಿದ್ದೆ.

ನಾವು ಆರಾಧನೆಗೆ ಹೋಗುತ್ತಿದ್ದುದು ತರೀಕೆರೆಯ ಚರ್ಚಿಗೆ, ಬಸ್ಸಿನಲ್ಲಿ. ಸಭೆ ಎಂದರೆ ಹದಿನೈದಿಪ್ಪತ್ತು ಮನೆಗಳು. ಮೂರನೆಯ ಮಗು ಹೋದ ಮೇಲೆ, ಸಭೆಯ ಹಿರಿಯಳಾದ ಮಾರ್ತಮ್ಮ ನಮ್ಮ ಮನೆಗೆ ಬಂದು, ನನ್ನ ಕೈ ಹಿಡಿದುಕೊಂಡು, "ಕರ್ತ ಪರೀಕ್ಷೆ ಮಾಡ್ತಾ ಇದಾನೆ ಕಣೇ. ಸ್ತೋತ್ರ ಮಾಡೋದೊಂದು ನಿಲ್ಲಿಸ್ಬೇಡ" ಎಂದಳು.

"ಒಂದೇ ಪಾಠಕ್ಕೆ ಮೂರು ಸಲ ಪರೀಕ್ಷೆ ಮಾಡೋ ಮೇಷ್ಟರನ್ನ ನಾನು ಕಂಡಿಲ್ಲ ಮಾರ್ತಮ್ಮ," ಎಂದೆ.

ಯಜಮಾನರು ಗೋಡೆಯ ಕಡೆ ತಿರುಗಿ ನಿಂತರು. ಅವರ ತುಟಿಯೂ ಪ್ರಾರ್ಥನೆಗೆ ಬಿಚ್ಚಿ ತಿಂಗಳುಗಳಾಗಿದ್ದವು. ಆದರೂ ಪ್ರತಿ ಭಾನುವಾರ ಬಸ್ಸು ಹತ್ತುತ್ತಿದ್ದೆವು; ಹೋಗದಿದ್ದರೆ ಆ ದಿನದಲ್ಲಿ ಏನು ಮಾಡುವುದೆಂದು ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಭಕ್ತಿ ಎನ್ನುತ್ತೀರೋ, ಅಭ್ಯಾಸ ಎನ್ನುತ್ತೀರೋ, ನಿಮಗೆ ಬಿಟ್ಟದ್ದು. ಸುಖದಲ್ಲಿ ಇವೆರಡರ ನಡುವಿನ ಗೆರೆ ಸ್ಪಷ್ಟವಾಗಿ ಕಾಣುತ್ತದೆ. ದುಃಖದಲ್ಲಿ ಆ ಗೆರೆಯೇ ಅಳಿಸಿಹೋಗಿ, ಕಾಲು ತಾನಾಗಿ ನಡೆದ ಕಡೆಗೆ ಮನಸ್ಸು ಗೊಣಗುತ್ತ ಹಿಂಬಾಲಿಸುತ್ತದೆ.

ಆ ವರ್ಷದ ಬೆಳೆಹಬ್ಬ ಬಂತು. ನಮ್ಮಲ್ಲಿ ಆ ದಿನ ಪ್ರತಿ ಮನೆಯವರೂ ಆ ವರ್ಷದ ಮೊದಲ ಫಲವನ್ನು ತಂದು ದೇವರ ಮುಂದಿಟ್ಟು ಕೃತಜ್ಞತೆ ಹೇಳುತ್ತಾರೆ. ತೆಂಗಿನಕಾಯಿ, ರಾಗಿ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಎಲ್ಲರೂ ಸಾಲಾಗಿ ಎದ್ದರು. ನಾನೂ ಎದ್ದು ಚೀಲದಿಂದ ಸ್ವೆಟರು ತೆಗೆದೆ.

ಯಜಮಾನರು ನನ್ನ ಮಣಿಕಟ್ಟು ಹಿಡಿದರು. "ಬೇಡ ಕಣೇ."

"ನನ್ನ ಬೆಳೆ ಇದೇ," ಎಂದೆ. ಅವರ ಕೈ ಸಡಿಲವಾಯಿತು.

ಸುಳ್ಳು ಹೇಳುವುದಿಲ್ಲ, ಅರ್ಪಿಸುವ ಮನಸ್ಸಿನಿಂದ ನಾನು ಹೋಗಲಿಲ್ಲ. ಅವಮಾನ ಮಾಡಬೇಕೆಂದೇ ಹೋದೆ; ಮನೆಗೆ ಬಂದ ಅನ್ಯಾಯದ ಕಾಗದವನ್ನು ಕಳಿಸಿದವನ ಮುಖಕ್ಕೇ ಹಿಂದಿರುಗಿಸುವಂತೆ. ಕುಂಬಳಕಾಯಿಗೂ ಕೋಳಿಗೂ ನಡುವೆ ಅದನ್ನಿಟ್ಟು ಬಂದು ಕುಳಿತೆ. ಬೆನ್ನ ಹಿಂದಿನ ಪಿಸುಮಾತಿನಲ್ಲಿ ಮಾರ್ತಮ್ಮನ ದನಿ ಕೇಳಿತು: "ಹಬ್ಬದ ದಿನ ಅಂಥದ್ದನ್ನ ಇಡ್ತಾರೇನೇ?"

ನಮ್ಮ ಸಭೆಯ ಪಾದ್ರಿ ಅಯ್ಯನವರು ವಯಸ್ಸಾದವರು, ಪ್ರಾರ್ಥನೆಯನ್ನು ಉದ್ದ ಎಳೆಯುವವರು. ಒಂದೊಂದೇ ಕಾಣಿಕೆಯ ಮೇಲೆ ಕೈಯಿಟ್ಟು, ರಾಗಿಗೆ ಸ್ತೋತ್ರ, ಕಾಯಿಗೆ ಸ್ತೋತ್ರ ಎಂದು ಹೇಳುತ್ತ ಬಂದರು. ಕೈ ಉಣ್ಣೆಗೆ ತಾಗಿತು. ನಿಂತರು. ಕಟ್ಟಿದ ಕೋಳಿ ಒಮ್ಮೆ ರೆಕ್ಕೆ ಬಡಿಯಿತು.

"ಇದಕ್ಕೆ ಸ್ತೋತ್ರ ಹೇಳೋಕೆ ನನಗೆ ಬಾಯಿ ಬರ್ತಾ ಇಲ್ಲ ಕರ್ತನೇ," ಎಂದರು ಕೊನೆಗೆ. "ತಂದಿದಾಳೆ. ನೋಡು."

ಅಷ್ಟೇ. ಆಮೆನ್ ಕೂಡ ಹೇಳಲಿಲ್ಲ.

ಮೂರು ಸಾವುಗಳಲ್ಲಿ ನೂರು ಜನ ನನಗೆ ಏನೇನೋ ಕಾರಣ ಹೇಳಿದ್ದರು. ದೇವರಿಗೇ 'ನೋಡು' ಎಂದು ಗದರಿದವರು ಅವರೊಬ್ಬರೇ. ಅದರಿಂದ ಸಮಾಧಾನವಾಯಿತೆಂದು ಹೇಳಿದರೆ ತಪ್ಪಾದೀತು. ಆದರೆ ಅಲ್ಲಿಯವರೆಗೆ ಒಬ್ಬಳೇ ಹೊತ್ತಿದ್ದ ದೂರಿಗೆ ಒಬ್ಬ ಸಾಕ್ಷಿ ಸಿಕ್ಕಂತಾಯಿತು.

ಆಮೇಲೆ ಹಾಡು ಶುರುವಾಯಿತು. ನಾನು ಹಲ್ಲು ಕಚ್ಚಿ ಕುಳಿತಿದ್ದೆ. ಪಕ್ಕದಲ್ಲಿ ಯಜಮಾನರು ಹಾಡತೊಡಗಿದರು, ಅಪಸ್ವರದಲ್ಲಿ, ಎಲ್ಲರಿಗಿಂತ ಗಟ್ಟಿಯಾಗಿ. ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಪಕ್ಷದಲ್ಲಿ ಉಳಿದಿದ್ದ ಒಬ್ಬನೂ ಆ ಕಡೆಗೆ ಸೇರಿಕೊಂಡನಲ್ಲ ಎನ್ನಿಸಿತು. ಸ್ವೆಟರನ್ನು ಅಲ್ಲೇ ಬಿಟ್ಟು ಹೊರಟೆವು. ಅಯ್ಯನವರು ಅದನ್ನೇನು ಮಾಡಿದರೋ ನಾನು ಎಂದೂ ಕೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ಹೇಗೆ ಬಾಯಿ ಬಂತು ನಿಮಗೆ?" ಎಂದೆ.

ಅವರು ಹೇಳಿದರು: "ಹಾಡ್ದೇ ಇದ್ದಿದ್ರೆ ಕಿರುಚ್ಬಿಡ್ತಿದ್ದೆ ಕಣೇ."

ಆರಾಧನೆ ಎಂದರೆ ತುಂಬಿದ ಮನಸ್ಸು ತಾನಾಗಿ ಉಕ್ಕುವುದು ಎಂದು ಚಿಕ್ಕಂದಿನಿಂದ ನಂಬಿದ್ದೆ. ಕಿರುಚಾಟವನ್ನು ರಾಗಕ್ಕೆ ಕಟ್ಟಿಹಾಕಿ ಕುಳಿತವನೂ ಅದೇ ಸಾಲಿನಲ್ಲಿ, ಅದೇ ಪುಸ್ತಕ ಹಿಡಿದುಕೊಂಡಿರುತ್ತಾನೆಂದು ನನಗೆ ಹೊಳೆದೇ ಇರಲಿಲ್ಲ. ಅಂದಿನಿಂದ ಸ್ತುತಿಯನ್ನು ಗಟ್ಟಿಯಾಗಿ ಹಾಡುವವರನ್ನು ಕಂಡರೆ ನಾನು ಅಸೂಯೆ ಪಡುವುದನ್ನು ಬಿಟ್ಟು ಅನುಮಾನ ಪಡುತ್ತೇನೆ.

ಅದೇ ವಾರ ಒಂದು ಹಳ್ಳಿಯಿಂದ ಕರೆ ಬಂತು. ಕೂಸು ಹೊರಬಂತು, ಅಳಲಿಲ್ಲ, ನೀಲಿಗಟ್ಟಿತ್ತು. ಬೆನ್ನು ಉಜ್ಜಿದೆ, ಅಂಗಾಲು ತಟ್ಟಿದೆ, ಬಾಯಿ ಒರೆಸಿ, ತೆಳುಬಟ್ಟೆಯಿಟ್ಟು ಊದಿದೆ. ಮತ್ತೆ ಊದಿದೆ. ಕೂಸು ಚೀರಿತು. ಉಸಿರು ನನ್ನದು, ಕೂಸು ಅವರದು. ಆ ಕ್ಷಣ ನನಗಾದದ್ದು ಸಂತೋಷ ಒಂದೇ ಎಂದು ಹೇಳಲಾರೆ.

ಕೈ ತೊಳೆಯಲು ನೀರು ಹುಯ್ಯುತ್ತ ಬಾಣಂತಿಯ ಅಜ್ಜಿ, "ದ್ಯಾವ್ರು ದೊಡ್ಡೋನು ಕಣವ್ವ. ನಿಮ್ಗೆಷ್ಟು ಮಕ್ಳು?" ಎಂದಳು.

ಯಾವಾಗಲೂ ಇಲ್ಲ ಎನ್ನುತ್ತಿದ್ದವಳು ಅಂದು, "ಮೂರು ಕಣಜ್ಜಿ. ಮೂರೂ ಹೋದ್ವು," ಎಂದೆ.

ಚೆಂಬು ನಿಂತಿತು. "ನೀವು ಏಸುಸ್ವಾಮಿಗೆ ನಡ್ಕೊಳ್ಳೋರಲ್ವಾ?"

"ಹೂಂ."

"ಮೂರು ಕಿತ್ಕೊಂಡ ಮ್ಯಾಲೂ ಬಿಟ್ಟಿಲ್ವಾ?"

"ಬಿಟ್ಟಿಲ್ಲ," ಎಂದೆ.

ನಮ್ಮ ಭಾಷೆಯ ಈ ಮಾತಿಗೆ ಕರ್ತೃ ಬೇಕಾಗಿಲ್ಲ. ನಾನು ಅವನನ್ನೋ, ಅವನು ನನ್ನನ್ನೋ, ಪ್ರೀತಿಗೋ ಹಟಕ್ಕೋ, ಎಲ್ಲಕ್ಕೂ ಅದೊಂದೇ ಪದ. ಯಾರು ಯಾರನ್ನು ಎಂದು ಅಜ್ಜಿ ಕೇಳಲಿಲ್ಲ. ಮತ್ತೆ ಚೆಂಬು ಬಗ್ಗಿಸಿದಳು, ನಾನು ಕೈ ತೊಳೆದುಕೊಂಡೆ.