ಇಕ್ಕಟ್ಟಿನ ಓಣಿಗೆ ಹೆಣ್ಣು ಕೇಳಲು ಔರಾದಿಗೆ ಹೋದದ್ದು

ಬೀದರದಲ್ಲಿ ಭಾಲ್ಕಿ ಬಸ್ಸು ಹತ್ತಿದಾಗ ಬೆಳಗಿನ ಏಳೂವರೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ಕಂಡಕ್ಟರ್ ಕಿವಿಗೆ ಮಫ್ಲರ್ ಸುತ್ತಿಕೊಂಡೇ ಟಿಕೆಟ್ ಕೊಡುತ್ತಿದ್ದರು. ನನ್ನ ಬಗಲಲ್ಲಿ ಉದ್ದನೆಯ ಸುರುಳಿಯೊಂದು ಇತ್ತು. ಅದನ್ನು ನಿಲ್ಲಿಸಿದರೆ ಚಾವಣಿಗೆ ತಾಗುತ್ತಿತ್ತು, ಅಡ್ಡ ಹಿಡಿದರೆ ಮುಂದಿನವರ ಕಿವಿಗೆ ತಾಗುತ್ತಿತ್ತು.

"ಏನ್ರಿ ಅಕ್ಕಾರ ಅದು, ಚಾಪಿ ಏನು?" ಎಂದರು ಕಂಡಕ್ಟರ್.

"ನಕಾಶಿ ಅದರಿ. ಜಗತ್ತಿಂದು."

"ಜಗತ್ತೇ ಬಗಲಾಗ ಹಿಡ್ಕೊಂಡು ಭಾಲ್ಕಿಗಿ ಹೊಂಟೀರಿ! ಹೆಣ್ಣುಮಕ್ಕಳಿಗಿ ಫ್ರೀ ಅದ. ಜಗತ್ತಿಗಿ ಲಗೇಜ್ ಹಾಕಬೇಕೋ ಏನೋ, ತಡೀರಿ, ಡ್ರೈವರ್ ಸಾಹೇಬರಿಗಿ ಕೇಳ್ತೀನಿ."

ಅರ್ಧ ಬಸ್ಸು ನಕ್ಕಿತು. ಆಧಾರ್ ಕಾರ್ಡು ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ತೆಗೆದುಕೊಂಡೆ. ಜಗತ್ತಿಗೂ ಏನೂ ಹಾಕಲಿಲ್ಲ.

ಹೆಣ್ಣು ಕೇಳಲು ಹೋಗುವವರು ಹಣ್ಣು, ಹೂ, ಕೊಬ್ಬರಿ ಒಯ್ಯುತ್ತಾರೆ. ನಾನು ಕಾಲೇಜಿನ ನಕ್ಷೆ ಒಯ್ಯುತ್ತಿದ್ದುದಕ್ಕೆ ಕಾರಣವಿತ್ತು. ನನ್ನ ತಮ್ಮ ಪ್ರಕಾಶನಿಗೆ ಔರಾದಿನ ಅಂಬಿಕಾ ಎಂಬ ಹುಡುಗಿಯನ್ನು ನೋಡಿದ್ದೆವು. ಆಕೆ ಬಿ.ಎಸ್ಸಿ. ಮುಗಿಸಿ ಅಲ್ಲಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಆಮೇಲೆ ಆಕೆಯ ತಂದೆ ಗುಂಡಪ್ಪನವರು ಯಾವುದೋ ಕಚೇರಿ ಕೆಲಸಕ್ಕೆ ಬೀದರಕ್ಕೆ ಬಂದವರು, ಯಾರಿಗೂ ಹೇಳದೆ ನಮ್ಮ ಓಣಿಗೆ ಬಂದು ನೋಡಿಕೊಂಡು ಹೋದರು. ಮರುದಿನ ಸುದ್ದಿ ಬಂತು. "ಹುಡುಗ ಚಲೋ ಇದ್ದಾನ. ಓಣಿ ಬ್ಯಾಡ. ಅಲ್ಲಿ ಗೋಡಿಗಿ ಗೋಡಿ ಹತ್ತ್ಯಾವ. ಮತ್ತೊಮ್ಮೆ ಕೊರೋನಾ ಬಂದ್ರ, ಒಬ್ಬ ಸೀನಿದ್ರ ಇಡೀ ಓಣಿ ಮಲಗ್ತದ. ನನ್ನ ಮಗಳಿಗಿ ಅಂಥಲ್ಲಿ ಕೊಡಂಗಿಲ್ಲ."

ಆ ಸುದ್ದಿ ಬಂದಾಗಿನಿಂದ ಪ್ರಕಾಶ ಮಾತು ಬಿಟ್ಟಿದ್ದ. ಅವನದು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಆ ವಾರ ಎರಡು ಮೋಟಾರು ತಪ್ಪು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದ.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅಪ್ಪ ಗಂಜ್ ಎನ್ನುವ ಕಾಳಿನ ಪೇಟೆಯಲ್ಲಿ ಚೀಲ ಹೊರುತ್ತಾನೆ, ಅವ್ವ ಖಾನಾವಳಿಗೆ ರೊಟ್ಟಿ ಬಡಿಯುತ್ತಾಳೆ. ಆ ರೊಟ್ಟಿಯ ಬಲದಿಂದ, ಎರಡು ಸಲ ಅರ್ಧಕ್ಕೆ ಬಿಟ್ಟು ಮೂರನೇ ಸಲ ಹಟ ಹಿಡಿದು, ಭೂಗೋಳದಲ್ಲಿ ಎಂ.ಎ. ಮುಗಿಸಿದೆ. ಈಗ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹೀಗಾಗಿ ಮನೆಯಲ್ಲಿ ಬಗೆಹರಿಯದ ವಿಷಯ ಬಂತೆಂದರೆ "ಅಕಿ ಓದ್ಯಾಳ, ಅಕಿನ್ನ ಕಳಸ್ರಿ" ಎನ್ನುತ್ತಾರೆ. ಇಷ್ಟು ದಿನ ಗ್ಯಾಸ್ ಏಜೆನ್ಸಿ, ತಹಸೀಲ್ ಕಚೇರಿ. ಈ ಸಲ ಔರಾದ.

ಭಾಲ್ಕಿಗೆ ನಲವತ್ತು ಕಿಲೋಮೀಟರ್ ಸುಮಾರು. ಬೀದರದ ಕೆಂಪು ಮಣ್ಣು ಇಳಿಜಾರಿನಲ್ಲಿ ಮುಗಿದು ಎರೆಹೊಲ ಶುರುವಾಗುತ್ತದೆ. ತೊಗರಿ ಕೊಯ್ಲು ನಡೆದಿತ್ತು. ಕೊಯ್ದ ಹೊಲಗಳ ನಡುವೆ ಕಡಲೆ ಹಸಿರಾಗಿ ನಿಂತಿತ್ತು. ಭಾಲ್ಕಿ ನಿಲ್ದಾಣದಲ್ಲಿ ಶಿವರಾಜ ಮಾಮಾ ಒಗ್ಗರಣೆ ಮಂಡಕ್ಕಿಯ ಸುಸಲಾ ಕಟ್ಟಿಸಿಕೊಂಡು ಕಾಯುತ್ತಿದ್ದರು. ಅವ್ವನ ತಮ್ಮ. ಹೊಲಿಗೆ ಯಂತ್ರ ದುರಸ್ತಿ ಅವರ ಕೆಲಸ, ಸಂಬಂಧ ಕೂಡಿಸುವುದು ಅವರ ಹುಚ್ಚು. ಈ ಸಂಬಂಧ ತಂದವರೂ ಅವರೇ.

"ಇದೇನು ತಂದೀ ಮಗಳ?"

"ನಕಾಶಿ, ಮಾಮಾ. ತೈವಾನ, ಕೊರಿಯಾ, ಸಿಂಗಪುರ ತೋರಿಸ್ತೀನಿ. ಮಂದಿ ಒತ್ತೊತ್ತಿ ಇದ್ದ ದೇಶಗಳೇ ಆ ರೋಗ ಚಲೋ ತಡದ್ವು ಅಂತ ಹೇಳ್ತೀನಿ."

ಮಾಮಾ ಚಹಾದ ಲೋಟ ಕೆಳಗಿಟ್ಟರು. "ಗುಂಡಪ್ಪಗ ಹೈದರಾಬಾದೇ ಪರದೇಶ. ನೀ ಕೊರಿಯಾ ಒಯ್ಲಿಕತ್ತಿ! ನನ್ನ ಮಾತು ಕೇಳು. ನಮ್ಮ ಓಣ್ಯಾಗ ಒಬ್ಬರಿಗೂ ಏನೂ ಆಗಿಲ್ಲ ಅಂತ ಹೇಳಿಬಿಡು. ಖೇಲ್ ಖತಂ."

"ಅದು ಖರೇ ಅಲ್ಲಲ್ಲ ಮಾಮಾ."

"ಲಗ್ನದ ಮಾತಿನ್ಯಾಗ ಖರೇ ಯಾರು ಕೇಳ್ತಾರ?"

ಸುಸಲಾ ತಿಂದು, ಇನ್ನೊಂದು ಚಹಾ ಕುಡಿದು, ಔರಾದ ಬಸ್ಸು ಹಿಡಿದೆವು. ಮಾಮಾ ಗಂಡಸಾದ ತಪ್ಪಿಗೆ ಟಿಕೆಟ್ ಕೊಂಡರು, ಅದನ್ನು ದಾರಿಯುದ್ದಕ್ಕೂ ಹೇಳಿಕೊಂಡರು. ಮಾಂಜ್ರಾ ನದಿಯ ಸೇತುವೆ ಬಂದಾಗ ಮುಂದಿನ ಸೀಟಿನ ಮುದುಕಿ ಕಿಟಕಿಯಿಂದ ನಾಣ್ಯ ಎಸೆದು ಕೈ ಮುಗಿದಳು. ಮಾಮಾನೂ ಮುಗಿದರು. "ಏನು ಬೇಡಿಕೊಂಡಿರಿ?" ಎಂದೆ. "ನೀ ಭಾಳ ಮಾತಾಡಬಾರದು ಅಂತ" ಎಂದರು. ನದಿ ದಾಟಿದ ಮೇಲೆ ಬಸ್ಸಿನೊಳಗೆ ಮರಾಠಿ ಹೆಚ್ಚಾಯಿತು, ರಸ್ತೆಯ ಗುಂಡಿಗಳೂ ಹೆಚ್ಚಾದವು.

ಔರಾದ ತಲುಪಿದಾಗ ಹನ್ನೊಂದು ದಾಟಿತ್ತು. ಅಲ್ಲಿಂದ ಆಟೋ. ಗುಂಡಪ್ಪನವರದು ಊರಿಂದ ಎರಡು ಕಿಲೋಮೀಟರ್ ಆಚೆ ಹೊಲದ ನಡುವಿನ ಮನೆ. ಸುತ್ತ ಎಲ್ಲಿ ನೋಡಿದರೂ ಇನ್ನೊಂದು ಛಾವಣಿ ಕಾಣಲಿಲ್ಲ. ಬೇವಿನ ಗಿಡ, ಬಾವಿ, ಒಣಹಾಕಿದ ತೊಗರಿ, ನಾಲ್ಕೂ ಕಡೆಯಿಂದ ಗಾಳಿ. ಅಂಥ ಗಾಳಿಯಲ್ಲಿ ನಿಂತು ನಮ್ಮ ಓಣಿಯನ್ನು ನೆನೆಸಿಕೊಂಡರೆ ನನಗೇ ಉಸಿರು ಕಟ್ಟಿದಂತಾಯಿತು. ನಮ್ಮಲ್ಲಿ ಎದುರುಬದುರು ಬಾಗಿಲಲ್ಲಿ ಇಬ್ಬರು ಕೂತರೆ ಅವರ ಮೊಳಕಾಲುಗಳೇ ಮಾತಾಡುತ್ತವೆ.

ಗುಂಡಪ್ಪನವರು ಎತ್ತರದ ಆಳು, ಮಾತು ಕಡಿಮೆ. "ಬರ್ರಿ, ಕೂಡ್ರಿ. ಊಟ ಮಾಡ್ರಿ. ಆದ್ರ ನನ್ನ ಮಾತು ಒಂದೇ ಅದ" ಎಂದು ಬಾಗಿಲಲ್ಲೇ ಹೇಳಿಬಿಟ್ಟರು. ಅವರ ಹೆಂಡತಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿಕಾಳು ಸೊಪ್ಪು ಎಲ್ಲ ಕೂಡಿಸಿ ಬೇಯಿಸಿದ ಭಜ್ಜಿ ಬಡಿಸಿದರು. ಎಳ್ಳ ಅಮವಾಸ್ಯೆ ಕಳೆದು ವಾರವಾಗಿದ್ದರೂ ಹಬ್ಬದ ಭಜ್ಜಿಯ ರುಚಿಯೇ ಇತ್ತು. ಮೂರನೇ ರೊಟ್ಟಿಗೆ ಮಾಮಾ ಕೆಲಸ ಶುರು ಮಾಡಿದರು.

"ಗುಂಡಪ್ಪನವರೇ, ಇವರ ಓಣ್ಯಾಗ ಆ ವರ್ಷ ಒಬ್ಬರಿಗೂ ನೆಗಡಿ ಸೈತ ಬರಲಿಲ್ರಿ!"

ನಾನು ತಲೆ ಎತ್ತಲಿಲ್ಲ. ನನ್ನ ಊಟ ಮುಗಿದ ಕೂಡಲೇ ನಕ್ಷೆ ಬಿಚ್ಚಿದೆ. ಗಾಳಿಗೆ ಅದು ಹಾರತೊಡಗಿತು. ಎರಡು ಮೂಲೆಗೆ ನಮ್ಮ ಚಪ್ಪಲಿ, ಮತ್ತೆರಡಕ್ಕೆ ಹಿತ್ತಾಳೆ ಚೆಂಬು ಇಟ್ಟೆವು. ಒಂದು ಕೋಳಿ ಆಫ್ರಿಕಾ ದಾಟಿ ಹೋಯಿತು. ನಾನು ಕಾಲೇಜಿನಲ್ಲಿ ಹೇಳಿದಂತೆಯೇ ಹೇಳಿದೆ. ಈ ತೈವಾನ, ಈ ದಕ್ಷಿಣ ಕೊರಿಯಾ, ನೆಲ ಕಡಿಮೆ, ಜನ ಹೆಚ್ಚು. ಮೊದಲಿನ ದಿನಗಳಲ್ಲಿ ರೋಗವನ್ನು ಇವರು ತಡೆದಷ್ಟು ಚೆನ್ನಾಗಿ, ದೊಡ್ಡ ಬಯಲಿರುವ ಎಷ್ಟೋ ಸಿರಿವಂತ ದೇಶಗಳು ತಡೆಯಲಿಲ್ಲ. ಯಾಕೆ? ಇವರು ಮೊದಲೊಮ್ಮೆ ಇಂಥ ರೋಗಕ್ಕೆ ಹೆದರಿದ್ದರು, ಹಾಗಾಗಿ ಸುದ್ದಿ ಬಂದ ಕೂಡಲೇ ಎದ್ದರು. ಯಾರಿಗೆ ಬಂದಿದೆ ಎಂದು ಬೇಗ ಹುಡುಕಿದರು. ಬಂದವನನ್ನು ಒಂದೆಡೆ ಕೂಡಿಸಿ ಊಟ ಅಲ್ಲಿಗೇ ಮುಟ್ಟಿಸಿದರು. ಮಾಸ್ಕ್ ಹಾಕು ಎಂದರೆ ಜಗಳ ತೆಗೆಯಲಿಲ್ಲ.

ಗುಂಡಪ್ಪನವರು ಬಗ್ಗಿ ನೋಡಿದರು. "ಇದರಾಗ ಔರಾದ ಎಲ್ಲಿ ಅದರಿ?"

"ಅಷ್ಟು ಸಣ್ಣ ಊರು ಹಾಕಿಲ್ರಿ."

"ಬೀದರ?"

"ಅದೂ ಇಲ್ರಿ."

"ಮತ್ತ ನಮ್ಮ ಮಾತು ಇದರಾಗ ಎಲ್ಲಿ ಹುಡುಕಲಿ ತಾಯಿ? ಕೊರಿಯಾದವ್ರು ಊಟ ಮುಟ್ಟಿಸಿದ್ರು, ಸರಿ. ನಿಮ್ಮ ಓಣ್ಯಾಗ ಯಾರು ಮುಟ್ಟಿಸ್ತಾರ?"

ಆ ಪ್ರಶ್ನೆಗೆ ನನ್ನಲ್ಲಿ ಪುಸ್ತಕದ ಉತ್ತರಕ್ಕಿಂತ ಒಳ್ಳೆಯ ಉತ್ತರವಿತ್ತು. ನಮ್ಮ ಓಣಿಯ ಬುಟ್ಟಿಯ ಕಥೆ ಹೇಳಿದೆ. ಯಾರ ಮನೆಯಲ್ಲಿ ಜ್ವರ ಬಂತೋ ಅವರು ಬುಟ್ಟಿಯನ್ನು ಬೋರಲು ಮಾಡಿ ಹೊರಗಿನ ಕಟ್ಟೆಯ ಮೇಲಿಡುವುದು. ಕಂಡವರು ಒಳಗೆ ಹೋಗುವುದಿಲ್ಲ. ರೊಟ್ಟಿ, ಬೇಳೆ, ಗುಳಿಗೆ ಆ ಬುಟ್ಟಿಯ ಮೇಲಿಟ್ಟು, ಕೋಲಿನಿಂದ ಬಾಗಿಲು ಬಡಿದು ಹಿಂದೆ ಸರಿಯುವುದು. ಒಂದು ಮನೆಗೂ ಸಂತೆಗೆ, ನೀರಿಗೆ ಹೊರಬೀಳುವ ಪ್ರಸಂಗ ಬರಲಿಲ್ಲ. ಗೋಡೆಗೆ ಗೋಡೆ ಹತ್ತಿದ್ದಕ್ಕೇ ಅದು ಆಯಿತು. ಎಂಟು ಹೆಜ್ಜೆಯೊಳಗೆ ಊಟ ಇತ್ತು, ಕೆಮ್ಮಿದರೆ ಕೇಳುವ ಕಿವಿ ಇತ್ತು.

ಹೇಳುತ್ತ ಹೇಳುತ್ತ ನನಗೇ ಹುರುಪು ಬಂದಿತ್ತು. ಗುಂಡಪ್ಪನವರ ಮುಖವೂ ಸ್ವಲ್ಪ ಸಡಿಲವಾಗಿತ್ತು. ಆಗ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಂಬಿಕಾ ಕೇಳಿದಳು.

"ಅಕ್ಕಾ, ಒಂದು ಲೆಕ್ಕ ಹತ್ತವಲ್ದು. ಯಾರಿಗೂ ನೆಗಡಿ ಸೈತ ಬಂದಿಲ್ಲ ಅಂದ್ರು ಮಾಮಾರು ಈಗ. ಮತ್ತ ಬುಟ್ಟಿ ಯಾರ ಮನಿ ಮುಂದ ಇಟ್ರಿ?"

ಎರಡನೇ ಸಲ ಹಾಕಿಸಿಕೊಂಡ ಭಜ್ಜಿ ತಿನ್ನುತ್ತಿದ್ದ ಮಾಮಾ ಕೆಮ್ಮತೊಡಗಿದರು. ಗುಂಡಪ್ಪನವರು ನನ್ನನ್ನು ನೋಡಿದರು. ನಾನು ನಕ್ಷೆಯನ್ನು ನೋಡಿದೆ. ಅಲ್ಲಿ ಎಲ್ಲ ದೇಶಗಳಿದ್ದವು, ಬಚ್ಚಿಟ್ಟುಕೊಳ್ಳಲು ಒಂದೂ ಜಾಗವಿರಲಿಲ್ಲ.

"ಮೊದಲು ಬಂದದ್ದು ನಮ್ಮ ಮನಿಗೇರಿ" ಎಂದೆ. "ಅಪ್ಪಗ ಬಂತು. ಬುಟ್ಟಿ ಇಡಲಿಲ್ಲ. ಮುಚ್ಚಿಟ್ವಿ."

ಉಳಿದದ್ದನ್ನೂ ಹೇಳಿದೆ. ಗೊತ್ತಾದರೆ ಅಪ್ಪನನ್ನು ಗಂಜಿನೊಳಗೆ ಬಿಡುವುದಿಲ್ಲ, ಓಣಿಯವರು ಮುಖ ತಿರುಗಿಸುತ್ತಾರೆ ಎಂದು ಹೆದರಿದೆವು. "ಬಾಗಲ ಹಾಕವ್ವಾ, ಯಾರಿಗೂ ಹೇಳಬ್ಯಾಡ" ಎಂದವಳು ನಾನು, ಮನೆಯಲ್ಲಿ ಓದಿದವಳು. ಎರಡು ದಿನ ಅವ್ವ ಎಂದಿನಂತೆ ನಳಕ್ಕೆ ಹೋದಳು, ಖಾನಾವಳಿಗೆ ಹೋದಳು. ನಾಲ್ಕು ಮನೆಗೆ ಜ್ವರ ಹಬ್ಬಿತು. ಅದರಲ್ಲಿ ಎದುರು ಮನೆಯ ಬಳೆಗಾರ್ತಿ ಖೈರುನ್ನಿಸಾ ಖಾಲಾನದೂ ಒಂದು. ಆಕೆ ಬೈಯಲಿಲ್ಲ. ಬಳೆ ಬುಟ್ಟಿ ಖಾಲಿ ಮಾಡಿ ಕಟ್ಟೆಯ ಮೇಲೆ ಬೋರಲು ಬಡಿದಿಟ್ಟು, ಬಾಗಿಲಲ್ಲಿ ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿದಳು: "ಮೇರೆಕು ಬುಖಾರ್ ಹೈ! ಛುಪಾಕೆ ಕ್ಯಾ ಕರ್ನಾ? ಸಬ್ ದೇಖ್ ಲೋ, ಕೋಯಿ ಅಂದರ್ ನಕ್ಕೊ ಆವ್!" ನನಗೆ ಜ್ವರ ಇದೆ, ಮುಚ್ಚಿಟ್ಟು ಮಾಡುವುದೇನು, ಒಳಗೆ ಯಾರೂ ಬರಬೇಡಿ. ಅವ್ವ ಅಂದೇ ಸಂಜೆ ನಮ್ಮ ರೊಟ್ಟಿ ಬುಟ್ಟಿ ಹೊರಗಿಟ್ಟಳು. ಅಲ್ಲಿಂದ ಮುಂದೆ ಐದನೇ ಮನೆಗೆ ಹೋಗದೆ ಜ್ವರ ನಿಂತಿತು. ಎಲ್ಲರೂ ಎದ್ದರು. ಅದರಲ್ಲಿ ನಮ್ಮ ಅದೃಷ್ಟವೂ ಇತ್ತು, ಅದನ್ನೂ ಹೇಳಿದೆ.

"ಹೋತು" ಎಂದು ಮಾಮಾ ಗೊಣಗಿದರು. ಪ್ರಕಾಶನ ಮುಖ ಕಣ್ಣ ಮುಂದೆ ಬಂತು. ಗುಂಡಪ್ಪನವರು ಎದ್ದು ಬಾವಿಯ ಕಡೆ ನಡೆದರು. ಒಂದು ಕೊಡ ನೀರು ಸೇದಿ ಮುಖ ತೊಳೆದುಕೊಂಡರು. ನಾನು ನಕ್ಷೆ ಸುತ್ತಿದೆ. ಅಂಬಿಕಾ ಬಂದು ಇನ್ನೊಂದು ತುದಿ ಹಿಡಿದುಕೊಂಡಳು.

ಬಾವಿಯಿಂದ ತಿರುಗಿ ಬಂದ ಗುಂಡಪ್ಪನವರು ನನ್ನ ಎದುರಿಗೇ ಕೂತರು.

"ನಾನೂ ಮುಚ್ಚಿಟ್ಟಿದ್ದೆ ತಾಯಿ. ಇದೇ ಗಾಳಿ ಮನ್ಯಾಗ. ಬಯಲಾಗ ಇರೋರಿಗಿ ಏನು ಬರ್ತದ ಅಂತ ಜಂಬ. ಮೂರು ದಿನ ಬಿದ್ದಿದ್ದೆ. ಇಕಿ" ಎಂದು ಹೆಂಡತಿಯ ಕಡೆ ಕೈ ಮಾಡಿದರು, "ಇಕಿಗೂ ಜ್ವರ. ಹಿಟ್ಟು ಮುಗೀತಂತ ಜ್ವರದಾಗೇ ಗಿರಣಿಗಿ ಹೋಗಿ ಪಾಳಿ ಹಚ್ಚಿದಳು. ಯಾರಾರಿಗಿ ಹಂಚಿ ಬಂದಳೋ, ದೇವರಿಗೇ ಗೊತ್ತು."

"ನಾಲ್ಕನೇ ದಿನ ನಾನೇ ಸೈಕಲ್ ಹೊಡಕೊಂಡು ಊರ ದವಾಖಾನ್ಯಾಗ ಹೋಗಿ ಹೇಳಿದೆ" ಎಂದಳು ಅಂಬಿಕಾ. "ಅಪ್ಪಾ ಬ್ಯಾಡ ಅಂದಿದ್ರು. ಕೇಳಲಿಲ್ಲ."

"ಕೇಳಿದ್ದರ ನಾ ಇವತ್ತು ಇವರಿಗಿ ರೊಟ್ಟಿ ಹಾಕ್ತಿರಲಿಲ್ಲ" ಎಂದು ಗುಂಡಪ್ಪನವರು ನಕ್ಕರು. ಬೆಳಗಿನಿಂದ ಅದೇ ಮೊದಲ ನಗೆ.

ಎರಡು ವರ್ಷ ಕ್ಲಾಸಿನಲ್ಲಿ ಈ ಪಾಠ ಮಾಡಿದ್ದೇನೆ. ಚದರ ಕಿಲೋಮೀಟರಿಗೆ ಎಷ್ಟು ಜನ ಎಂದು ಬೋರ್ಡಿನ ಮೇಲೆ ಬರೆಸಿದ್ದೇನೆ. ಆ ಹೊಲದಲ್ಲಿ ಕೂತಾಗ ತಿಳಿದದ್ದು ಇಷ್ಟು: ಜನ ಎಷ್ಟಿದ್ದಾರೆ ಎನ್ನುವುದಕ್ಕಿಂತ, ಜ್ವರ ಬಂದವನು ಮೊದಲನೇ ದಿನವೇ ಹೇಳುತ್ತಾನೋ ನಾಲ್ಕನೇ ದಿನವೋ, ಹೇಳಿದ ಮೇಲೆ ಅವನಿಗೆ ಕಲ್ಲು ಬೀಳುತ್ತದೋ ರೊಟ್ಟಿ ಬರುತ್ತದೋ ಎನ್ನುವುದೇ ದೊಡ್ಡದು. ದೇಶಕ್ಕೂ ಅದೇ ಮಾತು, ಓಣಿಗೂ ಅದೇ.

ಗುಂಡಪ್ಪನವರು ಮಗಳ ಕಡೆ ತಿರುಗಿದರು. "ಏನಂತಿ ಅಂಬಿಕಾ?"

"ಇಲ್ಲಿ ನಾ ಕೂಗಿದ್ರ ಕೇಳೋದು ಎತ್ತು ಒಂದೇ ಅಪ್ಪಾ. ಅಲ್ಲಿ ಖಾಲಾ ಆದರೂ ಇದ್ದಾರ."

"ಎತ್ತಿಗಿ ಏನೂ ಅನ್ನಬ್ಯಾಡ" ಎಂದರು ತಂದೆ. ಆಮೇಲೆ ಮಾಮಾನಿಗೆ, "ಬರೋ ಐತವಾರ ಮನಿ ನೋಡ್ಲಿಕ್ಕ ಬರ್ತೀವ್ರಿ ಶಿವರಾಜ. ನೀವು ಮಾತ್ರ ಬಾಯಿ ತೆರೀಬ್ಯಾಡ್ರಿ. ಅಕ್ಕಾರೇ ಮಾತಾಡ್ಲಿ."

ಮಾಮಾಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಇನ್ನೊಂದು ರೊಟ್ಟಿ ಕೇಳಿದರು.

ನಮ್ಮನ್ನು ಬಸ್ಸಿಗೆ ಬಿಡಲು ಗುಂಡಪ್ಪನವರೇ ಬೈಕಿನಲ್ಲಿ ಆಟೋದ ಹಿಂದೆ ಬಂದರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ನಿಂತು, "ಭಾಳ ಮಂದಿ ಬರಂಗಿಲ್ರಿ" ಎಂದರು. "ದೂರದವರು ಯಾರೂ ಇಲ್ಲ. ಬರೇ ನಮ್ಮವರು. ಒಂದು ಮೂವತ್ತು."

ಓಣಿ ಇಕ್ಕಟ್ಟು ಎಂದವರೇ ಮೂವತ್ತು ಮಂದಿಯನ್ನು ತರುತ್ತಿದ್ದರು! ಏನಾದರೂ ಹೇಳುವಷ್ಟರಲ್ಲಿ ನೇರ ಬೀದರಕ್ಕೆ ಹೋಗುವ ನಮ್ಮ ಬಸ್ಸು ಹೊರಟಿತು. ಮಾಮಾ ನಡುದಾರಿಯಲ್ಲಿ ಇಳಿದು ಭಾಲ್ಕಿ ಬಸ್ಸು ಹಿಡಿದರು. ಸಂಜೆ ಬಿಸಿಲಲ್ಲಿ ಬೀದರದ ದಿಬ್ಬ ಕಂಡಾಗ ಅವ್ವನಿಗೆ ಫೋನ್ ಹಚ್ಚಿದೆ. ಮೊದಲು ಪ್ರಕಾಶನೇ ಎತ್ತಿಕೊಂಡ. ನಾನು "ಹೂಂ ಅಂದ್ರು" ಎನ್ನುವಷ್ಟರಲ್ಲಿ ಫೋನ್ ಅವ್ವನ ಕೈಗೆ ಕೊಟ್ಟು ಓಡಿದ.

"ಅವ್ವಾ, ಐತವಾರ ಮೂವತ್ತು ಮಂದಿ ಬರ್ತಾರ. ನಮ್ಮ ಪಡಸಾಲ್ಯಾಗ ಎಂಟು ಮಂದಿ ಹಿಡಿಯೋದು ಕಷ್ಟ. ಎಲ್ಲಿ ಕೂಡಿಸ್ತಿ?"

"ಹುಚ್ಚಿ, ನಮ್ಮ ಮನ್ಯಾಗೇ ಯಾಕ ಕೂಡಿಸಲಿ?" ಎಂದಳು ಅವ್ವ. ಫೋನ್ ಇಡುವುದನ್ನು ಮರೆತು ಹೊರಗೆ ನಡೆದಳೆಂದು ಕಾಣುತ್ತದೆ. ಒಂದು ಬಾಗಿಲು ಬಡಿದ ಸದ್ದು ಕೇಳಿಸಿತು, ಖಾಲಾನ ದನಿ ಕೇಳಿಸಿತು, ಆಮೇಲೆ ಇನ್ನೊಂದು ಬಾಗಿಲು. ಬಸ್ಸು ನಿಲ್ದಾಣದೊಳಗೆ ತಿರುಗುವಷ್ಟರಲ್ಲಿ ಅವ್ವ ನಾಲ್ಕನೇ ಮನೆಯಲ್ಲಿದ್ದಳು.