ಹೆಂಟೆಯೊಳಗಿನ ನಿದ್ದೆ

ಕಲಬುರಗಿಯಲ್ಲಿ ಆಳಂದದ ಬಸ್ಸು ಹತ್ತಿದಾಗ ಬೆಳಗಿನ ಏಳು ಗಂಟೆ, ಬಿಸಿಲು ಮಾತ್ರ ಹನ್ನೊಂದರದ್ದು. ಹೆಂಗಸರಿಗೆ ಪ್ರಯಾಣ ಪುಕ್ಕಟೆ. ಕಂಡಕ್ಟರು ಸೊನ್ನೆಯ ಟಿಕೆಟ್ ಹರಿದು ಕೊಟ್ಟರು. ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು, ಸುಮ್ಮನೆ ಕೂರುವ ಜಾಯಮಾನದವಳಲ್ಲ. ನರೋಣಾ, ಗಾಣಗಾಪುರ, ಜೇವರ್ಗಿಯ ಮಕ್ಕಳಿಗೆ ವಿಚಿತ್ರ ಪ್ರಾಣಿಗಳ ಚಿತ್ರ ತೋರಿಸಿ, ಪುಸ್ತಕದ ಗಟ್ಟಿ ಪದಗಳನ್ನು ಹಗುರ ಮಾಡುವುದು ಐದು ದಿನದ ಕೆಲಸ.

ಮುಂಗಾರಿನ ಮೊದಲ ಮಳೆ, ಮಿರಗದ ಮಳೆ, ಇನ್ನೂ ಬಂದಿರಲಿಲ್ಲ. ಕಿಟಕಿಯಾಚೆ ಬಿರುಕು ಬಿಟ್ಟ ಎರೆಹೊಲ ಮುಗಿಯದೆ ಸಾಗುತ್ತಿತ್ತು. ತೂಕಡಿಕೆಯಲ್ಲಿ ನನಗೆ ನೆಲವೂ ಮಲಗಿದಂತೆ, ಅದರ ಉಸಿರು ಆ ಬಿರುಕುಗಳಲ್ಲಿ ಹೋಗಿಬರುತ್ತಿರುವಂತೆ ಕಂಡಿತು.

ನರೋಣಾದಲ್ಲಿ ಐದನೆಯ ತರಗತಿ. ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಚಿಪ್ಪುಹಂದಿ ತೋರಿಸಿ, ರಾತ್ರಿ ತಿರುಗುವುದರಿಂದ ಅದು ‘ನಿಶಾಚರಿ’ ಎಂದೆ. “ನಮ್ಮ ಕಾಕಾನೂ ನಿಶಾಚರಿರಿ” ಎಂದು ಒಬ್ಬಳು ಹೇಳಿ ಎಲ್ಲರನ್ನೂ ನಗಿಸಿದಳು. ಆಮೇಲೆ ಕಪ್ಪೆ. ಬೇಸಿಗೆಯಲ್ಲಿ ಮಣ್ಣಿಗಿಳಿದು, ಎದೆಬಡಿತ ನಿಧಾನ ಮಾಡಿಕೊಂಡು ಮಳೆಯವರೆಗೆ ಮಲಗುತ್ತದೆ, ಅದು ‘ಗ್ರೀಷ್ಮನಿದ್ರೆ’. ಸತ್ತಂತೆ ಕಾಣುತ್ತದೆ, ಸತ್ತಿರುವುದಿಲ್ಲ ಎಂದು ಜಂಬದಿಂದ ಸೇರಿಸಿದೆ.

ಊಟದ ಬಿಡುವಿನಲ್ಲಿ ಶರಣಮ್ಮ ಎಂಬ ಹುಡುಗಿ ಮನೆಗೆ ಓಡಿ ಒಂದು ಬುಟ್ಟಿ ತಂದಳು. ಮಣ್ಣೆತ್ತಿನ ಅಮಾವಾಸ್ಯೆಗೆ ಐದು ದಿನ ಬಾಕಿ. ಪೂಜೆಯ ಜೋಡೆತ್ತು ಮಾಡಲು ಹೊಲದ ಮಣ್ಣು ತಂದು, ಒಂದು ಎತ್ತು ಮುಗಿಸಿ, ಎರಡನೆಯದಕ್ಕೆ ದೊಡ್ಡ ಹೆಂಟೆ ಒಡೆದಾಗ ಒಳಗೆ ಕಪ್ಪೆ ಸಿಕ್ಕಿತ್ತು. ಬುಟ್ಟಿಯಲ್ಲಿ ಹೆಂಟೆಯ ಹೋಳುಗಳ ನಡುವೆ ಕಾಲು ಮಡಚಿಕೊಂಡು ಕಲ್ಲಿನ ಹಾಗೆ ಬಿದ್ದಿತ್ತು.

“ನಿನ್ನಿ ಒಡದೇನ್ರಿ. ಸತ್ತದೇನ್ರಿ ಟೀಚರ, ಮಲಗ್ಯದೇನ್ರಿ?”

ಮುಟ್ಟಿದೆ. ತಣ್ಣಗಿತ್ತು. “ನನಗೂ ಗೊತ್ತಾಗವಲ್ದವ್ವ” ಎಂದೆ. ತರಗತಿಯಲ್ಲಿ ಅಷ್ಟು ಮಾತಾಡಿದ್ದಕ್ಕೆ ನಾಚಿಕೆಯಾಯಿತು. ಒಡೆದ ಹೋಳುಗಳನ್ನು ಕಪ್ಪೆಯ ಸುತ್ತ ಜೋಡಿಸಿ, ಹಸಿಮಣ್ಣು ಮೆತ್ತಿ, ಶಾಲೆಯ ನಳದ ಹಿಂದೆ ನೆರಳಿನಲ್ಲಿಟ್ಟೆವು. ಮಳೆ ಬರುವತನಕ ಮುಟ್ಟಬೇಡ ಎಂದೆ.

“ಆಯಿ ಬೈತಾಳ್ರಿ. ಒಂಟಿ ಎತ್ತಿಗಿ ಪೂಜಿ ಆಗಂಗಿಲ್ಲಂತ.”

“ಬ್ಯಾರೆ ಮಣ್ಣು ತಂದ್ರಾತಲ್ಲ?”

“ಜೋಡಿ ಒಂದೇ ಮಣ್ಣಿಂದು ಆಗಬೇಕ್ರಿ. ಇಲ್ಲಾಂದ್ರ ಅವು ಕೂಡಿ ನಡಿಯಂಗಿಲ್ಲಂತ ಆಯಿ ಅಂತಾಳ.” ಕಣ್ಣೊರೆಸಿಕೊಂಡಳು, ಆದರೆ ಹೆಂಟೆ ಮುಟ್ಟಲಿಲ್ಲ.

ಮೂರನೆಯ ದಿನ ಅಫಜಲಪುರದಲ್ಲಿ ಬಸ್ಸು ಬದಲಿಸಿ ಗಾಣಗಾಪುರ ಸೇರಿದೆ. ಮುನ್ನೂರು ರೂಪಾಯಿಯ ಲಾಡ್ಜು, ಊಟಕ್ಕೆ ರೊಟ್ಟಿ, ಶೇಂಗಾ ಹಿಂಡಿ. ಸಂಜೆ ಭೀಮೆಯ ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ. ದಂಡೆಯಲ್ಲಿ ಹೂ ಮಾರುವ ಮುದುಕಿಗೆ ಕಪ್ಪೆಯ ಕಥೆ ಹೇಳಿದೆ.

“ಮಳಿ ಸಪ್ಪಳಾದ್ರ ತಾನೇ ಏಳ್ತದ್ರಿ ಅಕ್ಕಾರ” ಎಂದಳು ಆಕೆ, ಹೂ ಕಟ್ಟುವುದನ್ನು ನಿಲ್ಲಿಸದೆ. “ಜೀವ ಇದ್ರ.”

ಆ ಕೊನೆಯ ಮಾತು ಜೇವರ್ಗಿಯವರೆಗೂ ಬೆನ್ನು ಬಿಡಲಿಲ್ಲ. ಅಲ್ಲಿ ಹಲಗೆಯ ಮೇಲೆ ಗ್ರೀಷ್ಮನಿದ್ರೆ ಎಂದು ಬರೆಯುತ್ತಿದ್ದೆ, ಪದ ಅರ್ಧವಾಗಿತ್ತು, ತಗಡಿನ ಮೇಲೆ ಹನಿ ಬಿತ್ತು. ಮಕ್ಕಳು ಅಂಗಳಕ್ಕೆ ಓಡಿದರು. ಹಿಂದೆಯೇ ನಾನೂ ಹೋಗಿ ನೆನೆಯುತ್ತ ನಿಂತೆ.

ಮರುದಿನ ಕಲಬುರಗಿಯಲ್ಲಿ ಇಳಿದಾಗ ಮನೆ ಹತ್ತೇ ನಿಮಿಷದ ದಾರಿ. ಆದರೆ ಕಾಲುಗಳು ಆಳಂದದ ಬಸ್ಸಿನ ಕಡೆ ನಡೆದವು. ದಾರಿಯುದ್ದಕ್ಕೂ ಎರೆಹೊಲಗಳ ಬಿರುಕು ಮುಚ್ಚಿದ್ದವು.

ನರೋಣಾದ ಶಾಲೆಯಲ್ಲಿ ಶರಣಮ್ಮ ನಳದ ಹಿಂದೆಯೇ ಕೂತಿದ್ದಳು. ಹೆಂಟೆ ಬಾಯಿಬಿಟ್ಟಿತ್ತು. ಒಳಗೆ ಮುಷ್ಟಿಯಷ್ಟು ಖಾಲಿ ಜಾಗ. ಬೆಕ್ಕು ಒಯ್ದಿರಬಹುದೇ ಎಂದು ನನ್ನ ಹಾಳು ವಿಜ್ಞಾನ ಅನುಮಾನಿಸಿತು. ಅವಳು ಕೆಸರು ತೋರಿಸಿದಳು. ನಾಲ್ಕು ಬೆರಳಿನ ಪುಟ್ಟ ಗುರುತುಗಳು ಚರಂಡಿಯವರೆಗೆ ಹೋಗಿದ್ದವು. ಅಲ್ಲಿ ಕಪ್ಪೆಗಳು ಒಂದೇ ಸಮನೆ ಕೂಗುತ್ತಿದ್ದವು. ನನಗೆ ಅಳು ಬರುವಷ್ಟು ಸಂತೋಷವಾಯಿತು.

“ನಮ್ಮದು ಯಾವುದು?” ಎಂದೆ.

“ಎಲ್ಲಾ ಕೂಡಿ ಒದರಾಕತ್ತಾವ್ರಿ, ಹ್ಯಾಂಗ ಗೊತ್ತಾಗ್ತದ?”

ಅಮಾವಾಸ್ಯೆ ನಾಳೆಯೇ. ಮನೆಯಿಂದ ತಂದ ಮೊದಲ ಎತ್ತನ್ನು ಪಕ್ಕದಲ್ಲಿಟ್ಟುಕೊಂಡು, ಅದೇ ಹೆಂಟೆಯ ಮಣ್ಣು ನಾದಿ ಎರಡನೆಯ ಎತ್ತು ಮಾಡತೊಡಗಿದಳು. ಹೊಟ್ಟೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಟೊಳ್ಳು ಮಾಡುತ್ತಿದ್ದಳು. ಯಾಕೆ ಎಂದು ಕೇಳಿದೆ.

“ಪೂಜಿ ಆದಮ್ಯಾಲ ಹೊಲದಾಗ ಇಡ್ತೇನ್ರಿ. ಬ್ಯಾಸಗಿಗಿ ಕಪ್ಪಿಗಿ ಮತ್ತ ನಿದ್ದಿ ಬರ್ತದಲ್ರಿ.”

ಬಸ್ಸು ಹೊರಟಾಗ ತಿರುಗಿ ನೋಡಿದೆ. ಶಾಲೆಯ ಕಟ್ಟೆಯ ಮೇಲೆ ಎರಡು ಎತ್ತು ನಿಂತಿದ್ದವು, ಒಂದರ ಹೊಟ್ಟೆ ತುಸು ದೊಡ್ಡದು.