ಕೊಕ್ಕೆಯಿಲ್ಲದ ದಾರ

ಉಣ್ಣೆ ಕೆಂಪಗಿತ್ತೋ ಹಳದಿಯೋ, ಈಗ ಖಾತ್ರಿಯಿಲ್ಲ. ಸಂಸೆಯ ಜೀಪ್ ಮೆಕ್ಯಾನಿಕ್ ನನಗೆ ಉದ್ದ ದಾರವನ್ನು ಹಿಂದೆ ಮುಂದೆ ಬೀಸಿ ಮೀನು ಹಿಡಿಯುವ ಫ್ಲೈ ಫಿಶಿಂಗ್‌ನ ಗಾಳ ಎಸೆಯುವುದನ್ನು ಕಲಿಸಿದ್ದು ಹೊಳೆಯಲ್ಲಲ್ಲ, ನಮ್ಮ ಖಾಲಿ ಕಾಫಿ ಕಣದಲ್ಲಿ. ಹೊಸಬರಿಗೆ ಕೊಕ್ಕೆ ಬೇಡವೆಂದು ದಾರದ ತುದಿಗೆ ಉಣ್ಣೆಯನ್ನಷ್ಟೇ ಕಟ್ಟಿದ್ದರು. ಎಣ್ಣೆ ಮೆತ್ತಿದ ಹೆಬ್ಬೆರಳೆತ್ತಿ ಪ್ರತಿ ಸಲವೂ ಅದೇ ಮಾತು: "ಹಿಂದಕ್ಕೆ ಎಸೆದ್ಮೇಲೆ ಒಂಚೂರು ತಡೀರಿ, ದಾರ ನೆಟ್ಟಗಾಗ್ಲಿ. ಅವಸರ ಮಾಡಿದ್ರೆ ನಿಮ್ಮ ಕಿವಿನೇ ಮೀನು!"

ಒಂದು ಸಂಜೆ ನಾನು ಸರಿಯಾಗಿ ತಡೆದೆ. ಮುಂದಕ್ಕೆ ಬೀಸಿದರೆ ದಾರ ಬರಲಿಲ್ಲ. ಹಿಂದೆ ಯಾರೋ ಹಿಡಿದಂತೆ ಬಿಗಿಯಾಯಿತು. ಅಲ್ಲಿ ಗಿಡವಿರಲಿಲ್ಲ, ಬರೀ ಕಣ. ಅವರು ನನ್ನ ಹೆಗಲಾಚೆ ನೋಡಿ ಮೆಲ್ಲಗೆ, "ಬಿಡು ಮಾರಾಯ, ಈಗಷ್ಟೇ ಕಲೀತಿದ್ದಾರೆ" ಎಂದರು. ದಾರ ಸಡಿಲವಾಯಿತು.

ಇಂದಿಗೂ ಹಿಂದಕ್ಕೆ ಎಸೆದು ತಡೆಯಲು ನನಗೆ ಧೈರ್ಯವಿಲ್ಲ. ಅಂದು ಜಗಲಿಯಲ್ಲಿ ಕುಳಿತು ನೋಡುತ್ತಿದ್ದ ಚಿಕ್ಕಮ್ಮನನ್ನು ಕಂಡಾಗಲೆಲ್ಲ ಕೇಳುತ್ತೇನೆ: "ಅವತ್ತು ನನ್ನ ಹಿಂದೆ ಯಾರಿದ್ರು?"